ಮಗುವಿಗೆ ಹುಷಾರಿಲ್ಲ: ಇವತ್ತು ಪಾಳಣಾಘರಕ್ಕೆ (ಡೇಕೇರ್‌ಗೆ) ಕಳಿಸೋದಾ, ಬೇಡ್ವಾ?

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಬೆಳಿಗ್ಗೆ ಏಳರ ನಂತರ ಒಂದು ಫಾಸ್ಟ್ ಲೋಕಲ್ ರೈಲು ತಪ್ಪಿದರೆ ಮುಂದಿನದರಲ್ಲಿ ಕಾಲಿಡಲೂ ಜಾಗ ಇರುವುದಿಲ್ಲ. ಅಂಥ ಹೊತ್ತಿನಲ್ಲಿ ಒಂದು ದಿನ ಮಗಳ ಹಣೆ ಮುಟ್ಟಿದೆ. ಬೆಚ್ಚಗಿತ್ತು. ಪ್ಯಾರಾಸಿಟಮಾಲ್ ಸಿರಪ್ ಕುಡಿಸಿ, ಪಾಳಣಾಘರ ನಡೆಸುವ ಕಾಕೂ (ಮರಾಠಿಯಲ್ಲಿ ಆಂಟಿ ಅಂದ ಹಾಗೆ) ಕೈಗೆ ಕೊಟ್ಟು, ಏನೂ ಹೇಳದೆ ಸ್ಟೇಷನ್ನಿಗೆ ಓಡಿದೆ.

ಹನ್ನೊಂದೂವರೆಗೆ ಫೋನ್ ಬಂತು. ಜ್ವರ 102. ಆಫೀಸಿನಿಂದ ಹೊರಟು ಮನೆ ಹತ್ತಿರ ಬರುವಷ್ಟರಲ್ಲಿ ಒಂದೂವರೆ. ಮಗಳು ಕಾಕೂ ತೊಡೆ ಮೇಲೆ ಮಲಗಿದ್ದಳು. ಕಾಕೂಗೆ ಏಳಲು ಆಗದೆ ಉಳಿದ ಮಕ್ಕಳು ಟಿವಿ ಮುಂದೆ ಕೂತಿದ್ದರು, ಅವರ ಊಟವೂ ಆಗಿರಲಿಲ್ಲ. ಕಾಕೂ ಬೈಯಲಿಲ್ಲ. "ಬೆಳಿಗ್ಗೆ ಔಷಧಿ ಕೊಟ್ಟಿದ್ರಾ?" ಅಂತ ಮಾತ್ರ ಕೇಳಿದರು. ನನಗೆ ತಲೆ ಎತ್ತಲು ಆಗಲಿಲ್ಲ. ಆ ವಾರ ಇನ್ನೂ ಇಬ್ಬರು ಮಕ್ಕಳು ಜ್ವರ ಬಂದು ಮಲಗಿದರು.

ಆವತ್ತು ನಿರ್ಧಾರ ಮಾಡಿದ್ದು ನಾನಲ್ಲ, 7:42ರ ಲೋಕಲ್.

ಆಮೇಲೆ ಮಕ್ಕಳ ಡಾಕ್ಟರ ಹತ್ತಿರ ಕೂತು, ಒಂದೊಂದೇ ಕೇಳಿ, ಫ್ರಿಜ್ ಬಾಗಿಲಿಗೆ ಒಂದು ಚೀಟಿ ಅಂಟಿಸಿದೆ. ಎರಡು ವರ್ಷದಲ್ಲಿ ಅದು ಬೆಳೆದು ಇಷ್ಟಾಗಿದೆ. ನಿಮ್ಮ ಮಗುವಿನ ಡಾಕ್ಟರು ಬೇರೆ ಹೇಳಿದರೆ ಅವರ ಮಾತೇ ಕೇಳಿ.

ಮೊದಲ ಹೆಜ್ಜೆ: ಹಿಂದಿನ ರಾತ್ರಿಯೇ ನೋಡಿ

ಮಗು ಹುಷಾರು ತಪ್ಪುವ ಸುಳಿವು ಹೆಚ್ಚಾಗಿ ರಾತ್ರಿ ಊಟದ ಹೊತ್ತಿಗೇ ಸಿಗುತ್ತದೆ. ತಟ್ಟೆ ದೂಡುತ್ತದೆ, ಸುಮ್ನೆ ಅಳುತ್ತದೆ, ಮೈಗೆ ಅಂಟಿಕೊಂಡೇ ಇರುತ್ತದೆ. ಆಗಲೇ ಥರ್ಮಾಮೀಟರ್ ಇಟ್ಟು ಒಂದು ಸಲ ಬರೆದುಕೊಳ್ಳಿ. ಗಂಡ ಹೆಂಡತಿ ಇಬ್ಬರೂ ಫೋನ್ ತೆಗೆದು ನಾಳೆ ಯಾರ ಮೀಟಿಂಗ್ ಮುಂದೂಡಬಹುದು ಅಂತ ನೋಡಿ. ಬೆಳಿಗ್ಗೆ ಆರೂವರೆಗೆ ಒಂದು ಕೈಯಲ್ಲಿ ಡಬ್ಬಿ, ಇನ್ನೊಂದರಲ್ಲಿ ಬಾಚಣಿಗೆ ಹಿಡಿದು ಈ ಮಾತು ಶುರು ಮಾಡಿದರೆ ಜಗಳ ಗ್ಯಾರಂಟಿ.

ಬೆಳಿಗ್ಗೆ ಔಷಧಿ ಕೊಡುವುದಕ್ಕೆ ಮುಂಚೆ ಮತ್ತೊಮ್ಮೆ ಜ್ವರ ನೋಡಿ. ಕೊಟ್ಟ ಮೇಲೆ ಸಿಗುವ ನಂಬರ್ ಸಿರಪ್ಪಿನದು, ಮಗುವಿನದಲ್ಲ.

ಎರಡನೇ ಹೆಜ್ಜೆ: ಮೂರು ಪ್ರಶ್ನೆ

ಮಗು ಇವತ್ತು ಪಾಳಣಾಘರದ ದಿನವನ್ನು ಕಳೆಯಬಲ್ಲದಾ? ಅಂದರೆ ಆಡುತ್ತದಾ, ಸ್ವಲ್ಪವಾದರೂ ತಿನ್ನುತ್ತದಾ, ಕುಡಿಯುತ್ತದಾ.

ನೋಡಿಕೊಳ್ಳುವವರಿಗೆ ಉಳಿದ ಮಕ್ಕಳನ್ನು ಬಿಟ್ಟು ನಮ್ಮದೊಂದನ್ನೇ ಹಿಡಿದು ಕೂರಬೇಕಾಗುತ್ತದಾ?

ಇದು ಬೇರೆ ಮಕ್ಕಳಿಗೆ ಸುಲಭವಾಗಿ ಅಂಟುವ, ಅಂಟಿದರೆ ತೊಂದರೆ ಕೊಡುವ ಕಾಯಿಲೆಯಾ?

ಅಮೆರಿಕದ ಮಕ್ಕಳ ತಜ್ಞರ ಸಂಘ ಡೇಕೇರ್‌ಗಳಿಗೆ ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ಮೂರರಲ್ಲಿ ಒಂದಕ್ಕೆ ಉತ್ತರ ಕೆಟ್ಟದಿದ್ದರೂ ಮಗು ಮನೆಯಲ್ಲಿರಲಿ. ನಾವು ಮೊದಲನೆಯದನ್ನು ಮಾತ್ರ ಕೇಳಿಕೊಳ್ಳುತ್ತೇವೆ, ಮೂರನೆಯದು ಬೇರೆಯವರ ಮಗು ಕೆಮ್ಮುವಾಗ ನೆನಪಾಗುತ್ತದೆ. ಎರಡನೆಯದು ಯಾರಿಗೂ ನೆನಪಾಗುವುದಿಲ್ಲ. ಎರಡು ಕೋಣೆಯ ಫ್ಲಾಟಿನಲ್ಲಿ ಏಳೆಂಟು ಮಕ್ಕಳನ್ನು ನೋಡುವ ಕಾಕೂಗೆ ಇರುವುದು ಎರಡೇ ಕೈ.

ಜ್ವರ

100.4 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38 ಸೆಲ್ಸಿಯಸ್ ಮುಟ್ಟಿದರೆ ಜ್ವರ ಅನ್ನುತ್ತಾರೆ. ಕಂಕುಳಲ್ಲಿ ಇಟ್ಟು ನೋಡಿದರೆ ಮೈಯೊಳಗಿನ ಬಿಸಿಗಿಂತ ಸ್ವಲ್ಪ ಕಡಿಮೆ ತೋರಿಸುತ್ತದೆ ಅನ್ನುವುದು ನೆನಪಿರಲಿ. ಹಲ್ಲು ಬರುವಾಗ ಮೈ ಸ್ವಲ್ಪ ಬೆಚ್ಚಗಾಗಬಹುದು, ಆದರೆ 100.4 ದಾಟಿದರೆ ಅದನ್ನು ಹಲ್ಲಿನ ತಲೆಗೆ ಕಟ್ಟಬೇಡಿ. ಮೂರು ತಿಂಗಳೊಳಗಿನ ಕೂಸಿಗೆ ಇಷ್ಟು ಜ್ವರ ಬಂದರೆ ಕಳಿಸೋದಾ ಬೇಡವಾ ಅನ್ನುವ ಪ್ರಶ್ನೆಯೇ ಇಲ್ಲ, ಅದೇ ಹೊತ್ತಿಗೆ ಡಾಕ್ಟರ ಹತ್ತಿರ ಹೋಗಿ.

ಮತ್ತೆ ಕಳಿಸುವುದು ಯಾವಾಗ? ಔಷಧಿ ಇಲ್ಲದೆ 24 ಗಂಟೆ ಜ್ವರ ಬರದೆ ಇರಬೇಕು. ಮಂಗಳವಾರ ಸಂಜೆ ಕೊನೆಯ ಜ್ವರ ಅಂದುಕೊಳ್ಳಿ. ಬುಧವಾರ ಇಡೀ ದಿನ ಸಿರಪ್ ಇಲ್ಲದೆ ತಣ್ಣಗಿದ್ದರೆ ಗುರುವಾರ ಬೆಳಿಗ್ಗೆ ಕಳಿಸಬಹುದು. ಬುಧವಾರ ಬೆಳಿಗ್ಗೆ ಅಲ್ಲ. ಆ ಒಂದು ದಿನ ಬಹಳ ಕಾಡುತ್ತದೆ, ಯಾಕಂದ್ರೆ ಮಗು ಮನೆ ತುಂಬ ಕುಣಿಯುತ್ತಿರುತ್ತದೆ, ನಾವು ರಜೆ ಎಣಿಸುತ್ತಿರುತ್ತೇವೆ. ಆದರೂ ತಡೆಯಿರಿ. ಜ್ವರ ರಾತ್ರಿ ಮತ್ತೆ ಏರುವುದು ಮಾಮೂಲು.

ಚುಚ್ಚುಮದ್ದು ಹಾಕಿಸಿದ ಮೇಲೆ ಒಂದೆರಡು ದಿನ ಬರುವ ಜ್ವರ ಬೇರೆ ಲೆಕ್ಕ. ಅದು ಯಾರಿಗೂ ಅಂಟುವುದಿಲ್ಲ. ಆದರೆ ತೊಡೆ ನೋವಿಗೆ ಅಳುವ ಮಗುವನ್ನು ಎತ್ತಿಕೊಂಡೇ ಇರಬೇಕು, ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತೇವೆ. ನಾನು ಲಸಿಕೆಯನ್ನು ಶುಕ್ರವಾರ ಸಂಜೆ ಅಥವಾ ಶನಿವಾರ ಹಾಕಿಸುತ್ತೇನೆ.

ಇಲ್ಲಿ ಸಿರಪ್ಪಿನ ಒಂದು ಮಾತು ಹೇಳಲೇಬೇಕು. ಪ್ಯಾರಾಸಿಟಮಾಲನ್ನು ಡಾಕ್ಟರು ವಯಸ್ಸಿಗಲ್ಲ, ತೂಕಕ್ಕೆ ಲೆಕ್ಕ ಹಾಕುತ್ತಾರೆ. ಕಿಲೋಗೆ 15 ಮಿಲಿಗ್ರಾಂನಂತೆ ಹಿಡಿದರೆ 12 ಕಿಲೋ ಮಗುವಿಗೆ ಒಂದು ಸಲಕ್ಕೆ 180 ಮಿಲಿಗ್ರಾಂ. ನಮ್ಮ ಮೆಡಿಕಲ್ ಅಂಗಡಿಯಲ್ಲಿ 5 ಮಿಲೀಗೆ 125 ಇರುವ ಬಾಟಲಿಯೂ ಸಿಗುತ್ತದೆ, 250 ಇರುವುದೂ ಸಿಗುತ್ತದೆ. ಮೊದಲನೆಯದಾದರೆ ಸುಮಾರು 7 ಮಿಲೀ, ಎರಡನೆಯದಾದರೆ ಮೂರೂವರೆ. ಡಬ್ಬಿಯ ಬಣ್ಣ ಒಂದೇ ಥರ ಇರಬಹುದು. "ಒಂದು ಮುಚ್ಚಳ ಕೊಡಿ" ಅಂತ ಕಾಕೂಗೋ ಅಜ್ಜಿಗೋ ಹೇಳಿ ಹೋದರೆ ಡೋಸ್ ಎರಡರಷ್ಟಾಗಬಹುದು. ಹಾಗಾಗಿ ನಮ್ಮನೆ ಬಾಟಲಿಯ ಮೇಲೆ ಮಾರ್ಕರಿನಲ್ಲಿ ಬರೆದಿರುತ್ತೇನೆ: ಎಷ್ಟು ಮಿಲೀ, ಕೊನೆಗೆ ಕೊಟ್ಟಿದ್ದು ಎಷ್ಟು ಗಂಟೆಗೆ.

ಮಳೆಗಾಲದ ಜ್ವರ ಬೇರೆ

ಜೂನ್‌ನಿಂದ ಅಕ್ಟೋಬರ್ ತನಕ ಮುಂಬೈ ಸುತ್ತಮುತ್ತ ಯಾವ ಜ್ವರವನ್ನೂ ಹಗುರವಾಗಿ ನೋಡಬಾರದು. ಡೆಂಗಿ, ಮಲೇರಿಯಾ ಎರಡೂ ಇವೆ. ಇವು ಮಗುವಿನಿಂದ ಮಗುವಿಗೆ ನೇರವಾಗಿ ಅಂಟುವುದಿಲ್ಲ, ಸೊಳ್ಳೆಯೇ ಬೇಕು. ಹಾಗಂತ ಕಳಿಸಬಹುದು ಅಂತಲ್ಲ. ಡೆಂಗಿಯ ಮೋಸ ಇರುವುದು ಬೇರೆ ಕಡೆ. ಸುಮಾರು ಮೂರನೇ ದಿನದಿಂದ ಏಳನೇ ದಿನದೊಳಗೆ ಜ್ವರ ಇಳಿಯುತ್ತದೆ, ಅಪಾಯದ ಹೊತ್ತು ಆಗಲೇ ಶುರುವಾಗುವುದು. ಜ್ವರ ಬಿಟ್ಟಿತು ಅಂತ ನಾವು ಬ್ಯಾಗ್ ಕಟ್ಟುವ ದಿನವೇ ಮಗುವನ್ನು ಕಣ್ಣಿಟ್ಟು ನೋಡಬೇಕಾದ ದಿನ. ಹೊಟ್ಟೆನೋವು, ಬಿಡದ ವಾಂತಿ, ಮೂಗಿನಲ್ಲೋ ವಸಡಿನಲ್ಲೋ ರಕ್ತ, ತಣ್ಣಗಾದ ಕೈಕಾಲು, ವಿಪರೀತ ಸುಸ್ತು ಕಂಡರೆ ಆಸ್ಪತ್ರೆಗೆ ಹೋಗಿ. ಡೆಂಗಿ ಇರಬಹುದು ಅನ್ನುವಾಗ ಐಬುಪ್ರೊಫೆನ್, ಮೆಫೆನಾಮಿಕ್ ಆಸಿಡ್ ಇರುವ ಸಿರಪ್ ಕೊಡಬೇಡಿ. ಆಸ್ಪಿರಿನ್ ಅಂತೂ ಮಕ್ಕಳಿಗೆ ಯಾವ ಜ್ವರಕ್ಕೂ ಮನೆಮದ್ದಾಗಿ ಕೊಡಲೇಬಾರದು.

ಶೀತ, ಕೆಮ್ಮು

ಇಲ್ಲಿ ನಾನು ಬೇರೆ ಅಮ್ಮಂದಿರಿಗಿಂತ ಸ್ವಲ್ಪ ಗಟ್ಟಿ. ಬರೀ ಮೂಗು ಸೋರುತ್ತಿದ್ದರೆ, ಮಗು ಆಡಿಕೊಂಡಿದ್ದರೆ, ಕಳಿಸಿ. ಪಾಳಣಾಘರಕ್ಕೆ ಹೋಗುವ ಚಿಕ್ಕ ಮಕ್ಕಳಿಗೆ ವರ್ಷಕ್ಕೆ ಎಂಟು ಹತ್ತು ಸಲ ಶೀತ ಆಗುವುದು ಹೊಸದಲ್ಲ. ಪ್ರತಿ ಗೊಣ್ಣೆಗೂ ರಜೆ ಹಾಕಿದರೆ ಕೆಲಸ ಬಿಡಬೇಕಷ್ಟೇ. ಗೊಣ್ಣೆ ಹಸಿರಾದರೆ ಆಂಟಿಬಯೋಟಿಕ್ ಬೇಕು ಅನ್ನುವುದೂ ತಪ್ಪು ತಿಳುವಳಿಕೆ. ಮಾಮೂಲಿ ಶೀತದಲ್ಲೂ ಮೂರ್ನಾಲ್ಕು ದಿನಕ್ಕೆ ಅದು ದಪ್ಪಗಾಗಿ ಹಸಿರಾಗುತ್ತದೆ. ಕೆಮ್ಮಂತೂ ಎರಡು ಮೂರು ವಾರ ಎಳೆಯುತ್ತದೆ.

ಗಮನ ಇಡಬೇಕಾದ್ದು ಉಸಿರಿನ ಮೇಲೆ. ಮಗು ಮಲಗಿದ್ದಾಗ ಅಂಗಿ ಎತ್ತಿ, ಪೂರ್ತಿ ಒಂದು ನಿಮಿಷ ಹೊಟ್ಟೆ ಏರಿಳಿಯುವುದನ್ನು ಎಣಿಸಿ. 2 ತಿಂಗಳಿಂದ 1 ವರ್ಷದೊಳಗಿನ ಮಗುವಿಗೆ 50 ಅಥವಾ ಹೆಚ್ಚು, 1ರಿಂದ 5 ವರ್ಷದ ಮಗುವಿಗೆ 40 ಅಥವಾ ಹೆಚ್ಚು ಬಂದರೆ ಅದು ಜೋರು ಉಸಿರು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಇದು. ಅದೇ ದಿನ ಡಾಕ್ಟರಿಗೆ ತೋರಿಸಿ. ಪಕ್ಕೆ ಒಳಕ್ಕೆ ಎಳೆಯುತ್ತಿದ್ದರೆ, ಸುಮ್ಮನಿದ್ದಾಗಲೂ ಉಸಿರಿನಲ್ಲಿ ಕೀರಲು ಸದ್ದು ಬಂದರೆ ಎಣಿಸುತ್ತಾ ಕೂರಬೇಡಿ, ಹೊರಡಿ. ನಾಯಿಕೆಮ್ಮು ಅಂತ ಡಾಕ್ಟರು ಹೇಳಿದರೆ ಆಂಟಿಬಯೋಟಿಕ್ ಶುರುವಾಗಿ ಐದು ದಿನ ಮನೆಯಲ್ಲಿ.

ಕೆಮ್ಮಿನ ಸಿರಪ್ ವಿಷಯದಲ್ಲಿ 2025ರ ಅಕ್ಟೋಬರ್‌ನಲ್ಲಿ ಕೇಂದ್ರ ಆರೋಗ್ಯ ಇಲಾಖೆಯೇ ಸೂಚನೆ ಕೊಟ್ಟಿದೆ: ಎರಡು ವರ್ಷದೊಳಗಿನ ಮಕ್ಕಳಿಗೆ ಕೊಡಲೇಬೇಡಿ, ಐದರೊಳಗಿನವರಿಗೂ ಸಾಮಾನ್ಯವಾಗಿ ಬೇಡ. ಕುಮಟಾದಿಂದ ಬಂದಾಗಲೆಲ್ಲ ನಮ್ಮ ಅತ್ತೆ ಶುಂಠಿ ರಸಕ್ಕೆ ಜೇನುತುಪ್ಪ ಬೆರೆಸಿ ನೆಕ್ಕಿಸುತ್ತಾರೆ. ವರ್ಷ ತುಂಬಿದ ಮಗುವಿಗೆ ಜೇನು ಪರವಾಗಿಲ್ಲ. ವರ್ಷದೊಳಗಿನ ಕೂಸಿಗೆ ಒಂದು ಬೊಟ್ಟೂ ಬೇಡ, ಅದರಲ್ಲಿರಬಹುದಾದ ಒಂದು ಬ್ಯಾಕ್ಟೀರಿಯಾ ಕೂಸಿನ ನರಗಳಿಗೇ ವಿಷವಾಗುತ್ತದೆ. ಮಗಳು ಆರು ತಿಂಗಳಿದ್ದಾಗ ಅತ್ತೆಗೆ ಇದನ್ನು ಹೇಳಲು ನನಗೆ ಎರಡು ದಿನ ಧೈರ್ಯ ಬೇಕಾಯಿತು. ಅವರು "ಹಂಗಾದ್ರೆ ಬೇಡ ಬಿಡು" ಅಂದು ಅರ್ಧ ನಿಮಿಷದಲ್ಲಿ ಮುಗಿಸಿದರು.

ವಾಂತಿ, ಭೇದಿ

ಇದರಲ್ಲಿ ರಾಜಿ ಇಲ್ಲ. 24 ಗಂಟೆಯಲ್ಲಿ ಎರಡು ಸಲ ವಾಂತಿಯಾದರೆ ಮನೆ. ಮಾಮೂಲಿಗಿಂತ ಎರಡು ಸಲ ಹೆಚ್ಚು ನೀರಾಗಿ ಹೋದರೆ, ಡೈಪರ್ ದಾಟಿ ಹೊರಬಂದರೆ, ರಕ್ತವೋ ಆಮವೋ ಕಂಡರೆ ಮನೆ. ಎಲ್ಲ ನಿಂತ ಮೇಲೂ ಇಂಗ್ಲೆಂಡಿನಲ್ಲಿ 48 ಗಂಟೆ ಕಾಯಿಸುತ್ತಾರೆ, ಕೆಲವು ಕಡೆ 24. ನಾನು 48ರ ಪಕ್ಷ. ಪಾಳಣಾಘರದಲ್ಲಿ ಡೈಪರ್ ಬದಲಿಸುವ ಚಾಪೆ ಒಂದೇ. ಅದೇ ಕೈ ಸಂಜೆ ಐದು ಮಕ್ಕಳಿಗೆ ಬಾಳೆಹಣ್ಣು ಸುಲಿದು ಕೊಡುತ್ತದೆ. ವಾಂತಿಭೇದಿಯ ಕೆಲವು ವೈರಸ್‌ಗಳಿಗೆ ಸ್ಯಾನಿಟೈಸರ್ ಅಷ್ಟಾಗಿ ಬಗ್ಗುವುದಿಲ್ಲ, ಸೋಪು ನೀರೇ ಬೇಕು.

ಮನೆಯಲ್ಲಿ ಓಆರ್‌ಎಸ್ ಇಟ್ಟಿರಿ. ದೊಡ್ಡ ಪ್ಯಾಕೆಟ್ ಪೂರ್ತಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ, ಅರ್ಧರ್ಧ ಹಾಕುವುದು ಬೇಡ. ಕಲಸಿದ್ದು 24 ಗಂಟೆ ದಾಟಿದರೆ ಚೆಲ್ಲಿ. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿಲೀ, ದೊಡ್ಡ ಮಗುವಿಗೆ 100ರಿಂದ 200, ಚಮಚ ಚಮಚವಾಗಿ. ಸಿಹಿ ಟೆಟ್ರಾ ಪ್ಯಾಕ್ ಪಾನೀಯಗಳನ್ನು ಓಆರ್‌ಎಸ್ ಅಂತ ಮಾರುತ್ತಿದ್ದರಲ್ಲ, ಆ ಹೆಸರು ಹಾಕಬಾರದು ಅಂತ 2025ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಹೇಳಿತು. ಪ್ಯಾಕೆಟ್ ತೆಗೆದುಕೊಳ್ಳುವಾಗ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಅಂತ ಇದೆಯಾ ನೋಡಿ. ಜಿಂಕ್ 14 ದಿನ ಬರೆದುಕೊಟ್ಟರೆ ಭೇದಿ ನಿಂತರೂ 14 ದಿನ ಮುಗಿಸಿ.

ಮೈಮೇಲೆ ಗುಳ್ಳೆ ಎದ್ದರೆ

ಬೇಸಿಗೆಯ ಬೆವರುಸಾಲೆಗೆ ಯಾರೂ ರಜೆ ಹಾಕುವುದಿಲ್ಲ. ಜ್ವರದ ಜೊತೆ ಗುಳ್ಳೆ ಬಂದರೆ ಅಥವಾ ಮಗು ಮಂಕಾಗಿದ್ದರೆ ಮೊದಲು ಡಾಕ್ಟರು, ಆಮೇಲೆ ಪಾಳಣಾಘರ.

ಮಳೆಗಾಲದಲ್ಲಿ ನಮ್ಮ ಕಡೆ ಜಾಸ್ತಿ ಓಡಾಡುವುದು ಕೈ-ಕಾಲು-ಬಾಯಿ ರೋಗ. ಅಂಗೈ, ಅಂಗಾಲು, ಬಾಯೊಳಗೆ ಗುಳ್ಳೆ, ಕೆಲವು ಮಕ್ಕಳಿಗೆ ಕುಂಡೆ ಮೇಲೂ. 2022ರಲ್ಲಿ ಕೇರಳದ ಮಕ್ಕಳಲ್ಲಿ ಟೊಮೇಟೊ ಜ್ವರ ಅಂತ ಎಲ್ಲರನ್ನೂ ಹೆದರಿಸಿದ್ದು ಕೊನೆಗೆ ಇದೇ ಅಂತ ಗೊತ್ತಾಯಿತು. ನಮ್ಮ ಮಗಳಿಗೆ ಬಂದಾಗ ಮೊದಲು ತಿಳಿದದ್ದು ಅನ್ನದ ತಟ್ಟೆಯಿಂದ. ಸಾರು ಬಾಯಿಗೆ ಹೋದ ಕೂಡಲೇ ಕಿರುಚಿದಳು. ಟಾರ್ಚ್ ಹಾಕಿ ನೋಡಿದರೆ ನಾಲಿಗೆ ಅಂಚಿನಲ್ಲಿ ಸಾಸಿವೆಯಷ್ಟು ದೊಡ್ಡ ಮೂರು ಹುಣ್ಣು. ನಾಲ್ಕು ದಿನ ತಣ್ಣನೆಯ ಮಜ್ಜಿಗೆ ಅನ್ನ, ಗಂಜಿ ತಿಳಿ ಬಿಟ್ಟು ಬೇರೇನೂ ಮುಟ್ಟಲಿಲ್ಲ.

ಈ ರೋಗದ ವಿಚಿತ್ರ ಏನೆಂದರೆ ಗುಳ್ಳೆ ಹೋದ ಮೇಲೂ ಮಲದಲ್ಲಿ ವೈರಸ್ ವಾರಗಟ್ಟಲೆ ಬರುತ್ತಿರುತ್ತದೆ. ಅದು ಪೂರ್ತಿ ಹೋಗುವ ತನಕ ಯಾರೂ ಕೂರಲಾರರು. ಅದಕ್ಕೇ ಕೆಲವು ದೇಶಗಳಲ್ಲಿ ಜ್ವರ ಇಲ್ಲದೆ, ಜೊಲ್ಲು ವಿಪರೀತ ಸುರಿಯದೆ, ಆಡಿಕೊಂಡಿದ್ದರೆ ಕಳಿಸಬಹುದು ಅನ್ನುತ್ತಾರೆ. ಇಲ್ಲಿ ಗುಳ್ಳೆ ಒಣಗುವ ತನಕ, ಸುಮಾರು ಒಂದು ವಾರ, ಬೇಡ ಅನ್ನುವವರೇ ಹೆಚ್ಚು. ನಮ್ಮ ಕಾಕೂ ನಿಯಮವೂ ಅದೇ. ಎಲ್ಲ ಮಕ್ಕಳೂ ಒಂದೇ ರಬ್ಬರ್ ಡೈನೋಸಾರ್ ಕಚ್ಚುವ ಜಾಗದಲ್ಲಿ ಅದು ನನಗೆ ಸರಿ ಅನ್ನಿಸುತ್ತದೆ.

ಸೀತಾಳೆ ಸಿಡುಬು, ಊರ ಕಡೆ ಅಮ್ಮ ಅನ್ನುವುದು, ಇಲ್ಲಿನವರ ಕಾಂಜಿಣ್ಯಾ: ಎಲ್ಲ ಗುಳ್ಳೆಯೂ ಹಕ್ಕಳೆ ಕಟ್ಟಬೇಕು. ಒಂದು ಹಸಿ ಗುಳ್ಳೆ ಇದ್ದರೂ ಬೇಡ. ಬೇವಿನ ಸೊಪ್ಪು, ನೀರು ಹಾಕುವ ಶಾಸ್ತ್ರ ಎಲ್ಲ ಮಾಡಿ, ಆದರೆ ಪಾಳಣಾಘರಕ್ಕೆ ಅದೇ ದಿನ ಫೋನ್ ಮಾಡಿ. ಗುಳ್ಳೆ ಕಾಣುವುದಕ್ಕೆ ಒಂದೆರಡು ದಿನ ಮುಂಚಿನಿಂದಲೇ ಇದು ಅಂಟುತ್ತದೆ, ಮಗುವನ್ನು ಬಿಡಲು ಬರುವ ತಾಯಂದಿರಲ್ಲಿ ಬಸುರಿ ಇದ್ದರೆ ಅವರಿಗೆ ಗೊತ್ತಾಗಲೇಬೇಕು.

ದಡಾರ ಅಂದರೆ ಇಲ್ಲಿನವರ ಗೋವರ್. 2022ರ ಕೊನೆಯಲ್ಲಿ ಮುಂಬೈಯ ಗೋವಂಡಿ ಕಡೆ ಹಬ್ಬಿ ಮಕ್ಕಳು ತೀರಿಕೊಂಡದ್ದು ನೆನಪಿರಬಹುದು. ಮೈಮೇಲೆ ಕೆಂಪು ಎದ್ದ ಮೇಲೆ ಕಡೇಪಕ್ಷ ನಾಲ್ಕು ದಿನ ಮನೆಯಲ್ಲಿರಬೇಕು. ಸರ್ಕಾರದ ಪಟ್ಟಿಯಲ್ಲಿ ಇದರ ಲಸಿಕೆ 9ರಿಂದ 12 ತಿಂಗಳಲ್ಲಿ ಒಂದು, 16ರಿಂದ 24 ತಿಂಗಳಲ್ಲಿ ಇನ್ನೊಂದು. ಹಾಗಾದರೆ ಪಾಳಣಾಘರದ ತೊಟ್ಟಿಲಲ್ಲಿರುವ ಏಳು ತಿಂಗಳ ಕೂಸಿಗೆ? ಸುತ್ತ ಇರುವ ನಮ್ಮ ಮಕ್ಕಳ ಲಸಿಕೆಯೇ ಅದಕ್ಕೆ ಕಾವಲು. ಮಂಗನಬಾವು ಈ ಸರ್ಕಾರಿ ಲಸಿಕೆಯಲ್ಲಿ ಸೇರಿಲ್ಲ, ಬಂದರೆ ಕೆನ್ನೆ ಊದಿದ ದಿನದಿಂದ ಐದು ದಿನ ರಜೆ.

ಉಳಿದ ಚಿಲ್ಲರೆ ಕಾಟ

ಕಣ್ಣು ಬೇನೆಗೆ ಇಲ್ಲಿ "ಡೋಳೆ ಆಲೆ" ಅನ್ನುತ್ತಾರೆ. 2023ರ ಜುಲೈನಲ್ಲಿ ಪುಣೆ ಹತ್ತಿರದ ಆಳಂದಿಯಲ್ಲಿ ಸಾವಿರಾರು ಜನರಿಗೆ ಬಂದಿತ್ತು. ಕಣ್ಣು ಸ್ವಲ್ಪ ಕೆಂಪಗಿದ್ದರೆ ಕಳಿಸಲೇಬಾರದು ಅಂತ ವೈದ್ಯರೂ ಹೇಳುವುದಿಲ್ಲ. ಆದರೆ ಹಳದಿ ಪಿಸುರು ಕಟ್ಟಿ ರೆಪ್ಪೆ ಅಂಟಿಕೊಳ್ಳುತ್ತಿದ್ದರೆ, ನೋವಿದ್ದರೆ, ಡಾಕ್ಟರು ನೋಡುವ ತನಕ ಮನೆ. ಕೀವು ಗುಳ್ಳೆಗೆ ಔಷಧಿ ಶುರುವಾಗಿ 24 ಗಂಟೆ. ಕಜ್ಜಿಗೆ ಮೊದಲ ಸಲ ಮೈಗೆಲ್ಲ ಮುಲಾಮು ಹಚ್ಚಿ ಮುಗಿಸಿದ ಮೇಲೆ ಮರುದಿನ. ಹೇನಿಗೆ ಮಗುವನ್ನು ಅರ್ಧ ದಿನದಲ್ಲಿ ವಾಪಸ್ ಕಳಿಸುವುದು ಅನ್ಯಾಯ. ಸಂಜೆ ಔಷಧಿ ಹಚ್ಚಿ ಬಾಚಿ, ಬೆಳಿಗ್ಗೆ ಕಳಿಸಿದರಾಯಿತು.

ಯೋಚನೆ ಮಾಡದೆ ಹೊರಡಬೇಕಾದ್ದು

ಏನೂ ಕುಡಿಯುತ್ತಿಲ್ಲ, ಕುಡಿದದ್ದೆಲ್ಲ ಕಕ್ಕುತ್ತಿದೆ, ಫಿಟ್ಸ್ ಬಂತು, ಎಬ್ಬಿಸಿದರೆ ಕಣ್ಣು ಬಿಡುತ್ತಿಲ್ಲ, ಉಸಿರಿಗೆ ಒದ್ದಾಡುತ್ತಿದೆ, ತುಟಿ ನೀಲಿ, ಕುತ್ತಿಗೆ ಸೆಟೆದಿದೆ, ಎಂಟು ತಾಸಿನಿಂದ ಮೂತ್ರ ಇಲ್ಲ. ಇದರಲ್ಲಿ ಒಂದಿದ್ದರೂ ಆಸ್ಪತ್ರೆ. ಮಹಾರಾಷ್ಟ್ರದಲ್ಲೂ ಆಂಬುಲೆನ್ಸಿಗೆ 108.

ಕಾಕೂ ಜೊತೆ ಮೊದಲೇ ಮಾತಾಡಿಕೊಳ್ಳಿ

ಮಗು ಚೆನ್ನಾಗಿರುವಾಗಲೇ ಕೇಳಿ: ಎಷ್ಟು ಜ್ವರ ಬಂದರೆ ಫೋನ್ ಮಾಡುತ್ತೀರಿ? ನಾನು ಬರುವ ತನಕ ಸಿರಪ್ ಕೊಡುತ್ತೀರಾ? ಎಷ್ಟು ದಿನಕ್ಕೆ ವಾಪಸ್ ಸೇರಿಸಿಕೊಳ್ಳುತ್ತೀರಿ? ದೊಡ್ಡ ಡೇಕೇರ್‌ಗಳಲ್ಲಿ ಇದು ಅಚ್ಚಾಗಿ ಸಿಗುತ್ತದೆ. ಮನೆಯಲ್ಲಿ ನಡೆಸುವ ಪಾಳಣಾಘರದಲ್ಲಿ ಬಾಯಿಮಾತು. ನಾವು ಐದು ಅಮ್ಮಂದಿರು ಸೇರಿ ಕಾಕೂ ಹೇಳಿದ್ದನ್ನು ಮರಾಠಿಯಲ್ಲಿ ಒಂದು ಹಾಳೆಗೆ ಬರೆದು ಬಾಗಿಲ ಹಿಂದೆ ಅಂಟಿಸಿದೆವು. ಆಮೇಲೆ "ಅವರ ಮಗುವನ್ನು ಮಾತ್ರ ಸೇರಿಸಿಕೊಂಡ್ರಿ" ಅನ್ನುವ ಮಾತು ನಿಂತಿತು.

ಹತ್ತಿರದಲ್ಲೇ ಇರುವ ಒಬ್ಬರ ನಂಬರ್ ಕೊಟ್ಟಿರಿ. ಅಮ್ಮ ಮುಂಬೈಯ ಬೀಕೇಸಿಯಲ್ಲಿ (ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್), ಅಪ್ಪ ನವಿ ಮುಂಬೈಯ ಐರೋಲಿಯಲ್ಲಿದ್ದರೆ ಇಬ್ಬರೂ ಬರಲು ಗಂಟೆ ಮೇಲಾಗುತ್ತದೆ, ಮಳೆ ಸುರಿದು ಲೋಕಲ್ ನಿಂತರಂತೂ ಕೇಳಲೇಬೇಡಿ. ನಮ್ಮದು ಕೆಳಗಿನ ಮಹಡಿಯ ಉಡುಪಿ ಆಂಟಿಯ ನಂಬರ್. ಬದಲಿಗೆ ಅವರ ಬ್ಯಾಂಕ್ ಕೆಲಸವೆಲ್ಲ ನನ್ನ ಫೋನಿನಲ್ಲಿ ಆಗುತ್ತದೆ.

ಆಫೀಸಿನಲ್ಲೂ ಇದೇ ಥರ ಮೊದಲೇ ಏರ್ಪಾಡು ಬೇಕು. 50 ಅಥವಾ ಹೆಚ್ಚು ಜನ ಕೆಲಸ ಮಾಡುವ ಜಾಗದಲ್ಲಿ ಕ್ರೆಶ್ (ಪಾಳಣಾಘರ) ಸೌಲಭ್ಯ ಇರಬೇಕು ಅಂತ 2017ರಲ್ಲಿ ಹೆರಿಗೆ ಸೌಲಭ್ಯ ಕಾಯಿದೆಗೆ ಸೇರಿಸಿದ್ದರು. ಮಗುವನ್ನು ಹೊತ್ತು ಆ ಲೋಕಲ್ ಹತ್ತುವುದು ಹೇಗೆ ಅಂತ ಕಾಯಿದೆಯಲ್ಲಿ ಬರೆದಿಲ್ಲ, ಬಿಡಿ. ನಾನು ಮಾಡುವುದಿಷ್ಟು: ಜೂನ್‌ಗೆ ಮುಂಚೆ ಆರು ರಜೆ ಉಳಿಸಿಕೊಳ್ಳುತ್ತೇನೆ, ಗಂಡನೂ ಅಷ್ಟೇ. ಮೊದಲ ದಿನ ಒಬ್ಬರು, ಎರಡನೇ ದಿನ ಇನ್ನೊಬ್ಬರು. ಮೂರನೇ ದಿನಕ್ಕೆ ಹೋದರೆ ಕುಮಟಾಕ್ಕೆ ಫೋನ್, ಅತ್ತೆ ರಾತ್ರಿ ರೈಲು ಹತ್ತಿ ಬೆಳಿಗ್ಗೆ ಠಾಣೆಯಲ್ಲಿ ಇಳಿಯುತ್ತಾರೆ. ಬ್ಯಾಗಿನ ಅರ್ಧ ತೆಂಗಿನಕಾಯಿಯೇ ಇರುತ್ತದೆ.

ವಾಪಸ್ ಕಳಿಸುವ ದಿನ

ಸಾಧ್ಯವಾದರೆ ಅರ್ಧ ದಿನ ಕಳಿಸಿ. ಒಂದು ಜೊತೆ ಬಟ್ಟೆ ಹೆಚ್ಚು, ಮಗುವಿನದೇ ಲೋಟ, ಟವೆಲ್. ಔಷಧಿ ಇನ್ನೂ ಇದ್ದರೆ ಹೆಸರು, ಮಿಲೀ, ಗಂಟೆ ಬರೆದ ಚೀಟಿ ಬಾಟಲಿಗೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿ. ಡೋಸ್ ಬೆಳಿಗ್ಗೆ, ರಾತ್ರಿಗೆ ಹೊಂದುವ ಹಾಗೆ ಬರೆದುಕೊಡಿ ಅಂತ ಡಾಕ್ಟರನ್ನೇ ಕೇಳಿದರೆ ಎಷ್ಟೋ ಸಲ ಚೀಟಿಯೇ ಬೇಕಾಗುವುದಿಲ್ಲ. ಬಾಗಿಲಲ್ಲಿ ನಿಂತು ಎಲ್ಲ ಹೇಳಿ: ಕೊನೆಯ ಜ್ವರ ಯಾವಾಗ, ಕೊನೆಯ ಸಿರಪ್ ಯಾವಾಗ, ರಾತ್ರಿ ನಿದ್ದೆ ಹೇಗಿತ್ತು.

ಕಳೆದ ಸಲ ನಾನು ಇಷ್ಟನ್ನೂ ಹೇಳಿ ಮುಗಿಸುವಷ್ಟರಲ್ಲಿ 7:42 ಹೋಗಿತ್ತು. ಒಂದು ಗಂಟೆಗೆ ಕಾಕೂ ಫೋಟೋ ಕಳಿಸಿದರು. ವರಣ್ ಭಾತ್ (ಬೇಳೆ ಅನ್ನ) ಅರ್ಧ ತಟ್ಟೆ ಖಾಲಿ, ಉಳಿದರ್ಧ ಮಗಳ ಅಂಗಿ ಮೇಲೆ.